ಆಡದೆ ಗೆದ್ದವರು

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಟ್ರೋಫಿ ಇದೆ. ಅಮ್ಮ ಆಗಾಗ ಸೆರಗಿನಿಂದ ಅದರ ಧೂಳು ಒರೆಸುತ್ತಾಳೆ. ಮನೆಗೆ ಬಂದವರಿಗೆಲ್ಲ ತೋರಿಸಿ, ನಮ್ಮ ಹುಡುಗಿ ಬ್ಯಾಸ್ಕೆಟ್‌ಬಾಲಿನಲ್ಲಿ ಇಡೀ ತಾಲ್ಲೂಕಿಗೇ ಫಸ್ಟು ಬಂದಿದ್ದಳು ಎನ್ನುತ್ತಾಳೆ. ಬಂದವರು ಕಾಫಿ ಲೋಟ ಹಿಡಿದುಕೊಂಡೇ ಅತ್ತ ನೋಡಿ ಹೌದಾ ಎನ್ನುತ್ತಾರೆ. ಅಷ್ಟಕ್ಕೆ ಬಿಟ್ಟರೆ ಒಳ್ಳೆಯ ಜನ. ಆದರೆ ಯಾರಾದರೊಬ್ಬರು, ಹೆಚ್ಚಾಗಿ ಗಂಡಿನ ಕಡೆಯ ದೊಡ್ಡಪ್ಪನೋ ಸೋದರಮಾವನೋ, ಯಾರನ್ನು ಸೋಲಿಸಿದ್ದೆಯಮ್ಮಾ ಎಂದು ಕೇಳಿಬಿಡುತ್ತಾರೆ. ಆಗ ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತೇನೆ. ನಾಚಿಕೆ ಸ್ವಭಾವದ ಹುಡುಗಿ ಎಂದು ಅವರು ಮೆಚ್ಚಿಕೊಳ್ಳುತ್ತಾರಂತೆ. ನನಗಿರುವುದು ನಾಚಿಕೆಯಲ್ಲ, ಸಿಟ್ಟು. ನಾವು ಯಾರನ್ನೂ ಸೋಲಿಸಲಿಲ್ಲ. ಸೋಲಿಸುವುದಕ್ಕೆ ನಮ್ಮನ್ನು ಯಾರೂ ಬಿಡಲೂ ಇಲ್ಲ.

ನಾನು ಓದಿದ್ದು ಅಜ್ಜಂಪುರದಲ್ಲಿ, ಸಿಸ್ಟರುಗಳು ನಡೆಸುವ ಹೈಸ್ಕೂಲಿನಲ್ಲಿ. ಕ್ರೈಸ್ತರ ಮಕ್ಕಳು ಅಲ್ಲಿ ಬೆರಳೆಣಿಕೆಯಷ್ಟು. ಉಳಿದವರೆಲ್ಲ ನಮ್ಮಂಥವರು. ಬೆಳಗ್ಗೆ ಮನೆಯಲ್ಲಿ ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ ಬಂದು, ಅಸೆಂಬ್ಲಿಯಲ್ಲಿ ಕೈಮುಗಿದು ಏಸುವಿನ ಪ್ರಾರ್ಥನೆ ಹೇಳುವವರು. ಎರಡರಿಂದಲೂ ನಮಗೆ ಯಾವ ತೊಂದರೆಯೂ ಆಗಿರಲಿಲ್ಲ. ಆಟಕ್ಕೆ ಇಳಿಯುವ ಮುಂಚೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, ಆಮೇಲೆ ಜರ್ಸಿಯೊಳಗೆ ಕೈಹಾಕಿ ಲಿಂಗದ ಕರಡಿಗೆ ಮುಟ್ಟಿಕೊಳ್ಳುತ್ತಿದ್ದೆವು. ಯಾರು ಕೈಬಿಟ್ಟರೂ ಇನ್ನೊಬ್ಬರಾದರೂ ಇರಲಿ ಎಂದು.

ಮೈದಾನ ಹುಡುಗರದು. ಅವರದು ಫುಟ್‌ಬಾಲ್. ಚರ್ಚಿನ ಫಾದರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಸಂಜೆ ಬಿಳಿ ನಿಲುವಂಗಿ ಕಳಚಿಟ್ಟು ತಾವೇ ಗೋಲಿಗೆ ನಿಲ್ಲುತ್ತಿದ್ದರು. ಮೈದಾನದ ಮೂಲೆಯಲ್ಲಿದ್ದ ಸಿಮೆಂಟಿನ ಅಂಕಣ ನಮ್ಮದು ಎಂದು ಹೆಸರು. ಚರ್ಚಿನ ಹಬ್ಬ ಬಂದರೆ ಅದರ ಮೇಲೇ ಶಾಮಿಯಾನ ಹಾಕುತ್ತಿದ್ದರು. ಹಬ್ಬ ಮುಗಿದ ಮೇಲೆ ಕಂಬ ಕಿತ್ತುಕೊಂಡು ಹೋಗುತ್ತಿದ್ದರೇ ಹೊರತು ಕಂಬಕ್ಕೆ ತೋಡಿದ ಗುಣಿಗಳನ್ನು ಯಾರೂ ಮುಚ್ಚುತ್ತಿರಲಿಲ್ಲ. ಬಾಲು ಗುಣಿಯ ಅಂಚಿಗೆ ಬಡಿದರೆ ಎತ್ತಲೋ ಹಾರುತ್ತಿತ್ತು. ಯಾವ ಗುಣಿ ಬಾಲನ್ನು ಯಾವ ಕಡೆ ಎಸೆಯುತ್ತದೆ ಎಂಬುದು ನಮಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು.

ಆಗ ನಮ್ಮೂರು ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಆ ತಾಲ್ಲೂಕಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಗಳಿದ್ದದ್ದು ಎರಡೇ. ಒಂದು ನಮ್ಮದು, ಇನ್ನೊಂದು ತರೀಕೆರೆಯ ಒಂದು ಹೈಸ್ಕೂಲಿನದು. ಆದ್ದರಿಂದ ವರ್ಷಕ್ಕೆ ನಮಗೆ ಒಂದೇ ಮ್ಯಾಚು. ಎಂಟನೇ ಕ್ಲಾಸಿನಲ್ಲಿ ಅವರು ನಮ್ಮನ್ನು ಹೇಳಹೆಸರಿಲ್ಲದಂತೆ ಸೋಲಿಸಿದರು. ಒಂಬತ್ತರಲ್ಲಿ ನಾವೇ ಮುಂದಿದ್ದೆವು. ಕೊನೆಯ ಗಳಿಗೆಯಲ್ಲಿ ಅವರ ಕ್ಯಾಪ್ಟನ್, ನನಗಿಂತ ಒಂದು ಗೇಣು ಎತ್ತರದ ಎಡಚಿ, ನನ್ನ ಪಕ್ಕದಿಂದಲೇ ನುಗ್ಗಿ ಹೋಗಿ ಎಡಗೈಯಲ್ಲಿ ಹಾಕಿಬಿಟ್ಟಳು. ನಾನು ತಡೆಯುತ್ತಿದ್ದದ್ದು ಬಲಗಡೆ. ಮ್ಯಾಚು ಮುಗಿದ ಮೇಲೆ ಕೈಕುಲುಕುವಾಗ ಅವಳು ನಗುತ್ತ ಹೇಳಿದಳು:

"ಮುಂದಿನ್ ವರ್ಷ ಬಾರೇ, ನೋಡಾಣ."

ಆ ಮಾತು ನನಗೆ ಇಡೀ ವರ್ಷ ಊಟದ ಜೊತೆ ಉಪ್ಪಿನಕಾಯಿಯ ಹಾಗಿತ್ತು. ಹತ್ತನೇ ಕ್ಲಾಸು ನಮ್ಮ ಕೊನೆಯ ವರ್ಷ. ಪಿಯುಸಿಗೆ ಹೋದ ಮೇಲೆ ನಮ್ಮೂರ ಕಡೆಯ ಹುಡುಗಿಯರಿಗೆ ಬಾಲೂ ಇಲ್ಲ, ರಿಂಗೂ ಇಲ್ಲ. ಆ ಎಡಚಿಯನ್ನು ತಡೆಯಬೇಕಾದರೆ ಅದೇ ವರ್ಷ ತಡೆಯಬೇಕಿತ್ತು. ಪಿ.ಟಿ. ಮೇಷ್ಟ್ರು ಒಂದು ಉಪಾಯ ಮಾಡಿದರು. ನನ್ನ ಪಕ್ಕದ ಬೆಂಚಿನ ಗೆಳತಿಗೆ, ನೀನೇ ಇನ್ನು ತರೀಕೆರೆಯವಳು, ಬಲಗೈ ಬಳಸಿದರೆ ಗ್ರೌಂಡು ಸುತ್ತಿಸುತ್ತೇನೆ ಎಂದರು. ಅವಳು ಜೂನಿನಿಂದ ಎಡಗೈಯಲ್ಲೇ ಆಡಿದಳು, ನಾನು ದಿನವೂ ಅವಳನ್ನು ತಡೆದೆ. ಹಳ್ಳಿಯ ಹುಡುಗಿಯರು ಐದು ಗಂಟೆಯ ಬಸ್ಸಿಗೆ ಓಡಬೇಕಿತ್ತು. ನಮ್ಮಿಬ್ಬರದು ಊರೊಳಗೇ ಮನೆ. ಉಳಿದವರು ಹೋದ ಮೇಲೂ ಅವಳು ನುಗ್ಗುವುದು, ನಾನು ತಡೆಯುವುದು ನಡೆದೇ ಇರುತ್ತಿತ್ತು. ಪಾಪ, ಎಡಗೈ ಕಲಿಯಲು ಹೋಗಿ ಅವಳ ಬಲಗೈಯ ಆಟವೂ ಕೆಟ್ಟಿತು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ತರೀಕೆರೆಯವರನ್ನು ಸೋಲಿಸಿದ ಮೇಲೆ ಮತ್ತೆ ಕಲಿತರಾಯಿತು ಎನ್ನುತ್ತಿದ್ದಳು.

ಅಷ್ಟರಲ್ಲಿ ನಮ್ಮೂರು ತಾಲ್ಲೂಕಾಯಿತು. ಊರಿಗೆಲ್ಲ ಸಂಭ್ರಮ. ಪಟಾಕಿ ಹೊಡೆದರು, ಸ್ಕೂಲಿನಲ್ಲಿ ನಮಗೂ ಲಾಡು ಹಂಚಿದರು. ಇನ್ನು ಪಹಣಿಗೂ ಖಾತೆಗೂ ತರೀಕೆರೆಗೆ ಅಲೆಯುವುದು ತಪ್ಪಿತು ಎಂದು ಅಪ್ಪ ಖುಷಿಪಟ್ಟರು. ನಾನೂ ಲಾಡು ತಿಂದೆ. ಅದು ನನ್ನ ಮ್ಯಾಚನ್ನೇ ನುಂಗುವ ಲಾಡು ಎಂದು ಗೊತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಮೇಷ್ಟ್ರು ಅಂಕಣಕ್ಕೆ ಬಂದು, ಈ ಸಲದಿಂದ ನಮ್ಮ ತಾಲ್ಲೂಕಿನ ಕ್ರೀಡಾಕೂಟ ಬೇರೆ, ತರೀಕೆರೆಯದು ಬೇರೆ ಎಂದರು. ಹಾಗಾದರೆ ನಾವು ಆಡುವುದು ಯಾರ ಮೇಲೆ ಎಂದು ಕೇಳಿದೆ. ನಮ್ಮ ಹೊಸ ತಾಲ್ಲೂಕಿನಲ್ಲಿ ಬೇರೆ ತಂಡವೇ ಇಲ್ಲ ಎಂದು ಮೇಷ್ಟ್ರಿಗೂ ಆಗಲೇ ಹೊಳೆದಿರಬೇಕು. ಸೀಟಿಯ ದಾರ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು:

"ಬೇಜಾರ್ ಮಾಡ್ಕೋಬೇಡ್ರೇ. ಜಿಲ್ಲಾ ಮಟ್ಟಕ್ಕೆ ಅವ್ರೂ ಬರ್ತಾರೆ, ನಾವೂ ಹೋಗ್ತೀವಿ. ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ?"

ತಾಲ್ಲೂಕು ಕೂಟ ನಮ್ಮ ಸ್ಕೂಲಿನಲ್ಲೇ ನಡೆಯಿತು. ಎದುರಿಗೆ ತಂಡವಿಲ್ಲದ್ದರಿಂದ ನಮಗೆ ಸಿಕ್ಕಿದ್ದು ವಾಕೋವರ್. ಹಾಗೆಂದರೆ ಮನೆಯಲ್ಲಿ ಕೂತು ಗೆಲ್ಲುವುದು ಎಂದುಕೊಂಡಿದ್ದೆ. ಹಾಗಲ್ಲ, ನಮ್ಮ ಕಡೆ ಅದಕ್ಕೂ ಒಂದು ಶಾಸ್ತ್ರವಿದೆ. ಜರ್ಸಿ ತೊಟ್ಟು ಐವರೂ ಅಂಕಣದಲ್ಲಿ ನಿಲ್ಲಬೇಕು. ಎದುರು ತಂಡದವರು ಬರಬೇಕು ಎಂದು ಮೈಕಿನಲ್ಲಿ ಮೂರು ಸಲ ಕೂಗಬೇಕು, ಎದುರು ತಂಡವೇ ಇಲ್ಲದಿದ್ದರೂ ಕೂಗಬೇಕು. ಆಮೇಲೆ ರೆಫ್ರಿ ಸೀಟಿ ಊದುತ್ತಾರೆ. ಒಬ್ಬಳು ಬಾಲು ಪುಟಿಸುತ್ತ ಹೋಗಿ ಎದುರಿನ ರಿಂಗಿಗೆ ಹಾಕಬೇಕು. ಹಾಕಿದರೆ ಗೆದ್ದ ಹಾಗೆ. ಬೀಳದಿದ್ದರೆ ಏನು ಎಂದು ಯಾರೂ ಕೇಳಿರಲಿಲ್ಲ.

ರೆಫ್ರಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಉಗುರು, ಬಳೆ, ಸರ ನೋಡುತ್ತ ಬಂದರು. ನನ್ನ ಕೊರಳಿನ ಶಿವದಾರ ಕಂಡು ಇದೇನು ಎಂದರು. ಲಿಂಗ ಸರ್, ತೆಗೆಯುವ ಹಾಗಿಲ್ಲ, ಒಳಗೆ ಬಟ್ಟೆ ಸುತ್ತಿ ಕಟ್ಟಿದ್ದೇನೆ ಎಂದೆ. ಹಿಂದಿನ ವರ್ಷಗಳಲ್ಲಿ ತರೀಕೆರೆಯ ರೆಫ್ರಿ ಕರಡಿಗೆಯನ್ನು ಹೊರಗಿನಿಂದ ಒತ್ತಿ ನೋಡಿ, ಯಾರಿಗೂ ತಾಗುವುದಿಲ್ಲ ತಾನೇ ಎಂದು ಕೇಳಿಯೇ ಆಡಲು ಬಿಡುತ್ತಿದ್ದರು. ಇವರು ನೋಡಲೂ ಇಲ್ಲ.

"ಇರ್ಲಿ ಬಿಡಮ್ಮ. ಎದುರಿಗೆ ಯಾರೂ ಇಲ್ವಲ್ಲ, ಯಾರಿಗ್ ತಾಗುತ್ತೆ?"

ಮೈಕಿನಲ್ಲಿ ಕೂಗಿದರು. ಕೂಗಿದಾಗೆಲ್ಲ ನಾನು ಗೇಟಿನ ಕಡೆ ನೋಡಿದೆ. ಬುದ್ಧಿಗೆ ಗೊತ್ತು, ಯಾರೂ ಬರುವುದಿಲ್ಲವೆಂದು. ಕಣ್ಣು ಕೇಳಬೇಕಲ್ಲ. ಸೀಟಿ ಊದಿದರು. ಬಾಲು ನನ್ನ ಕೈಯಲ್ಲಿತ್ತು. ಗುಣಿಗಳನ್ನು ತಪ್ಪಿಸಿಕೊಂಡು ಹೋಗಿ ಹಾಕಿದೆ. ಸುತ್ತ ನಿಂತಿದ್ದ ಮಕ್ಕಳು, ಸಿಸ್ಟರುಗಳು, ಫಾದರು ಎಲ್ಲರೂ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ನನ್ನ ಗೆಳತಿ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಫುಟ್‌ಬಾಲಿನ ಹುಡುಗರು ಹಾಳೂರಿಗೆ ಉಳಿದವನೇ ಗೌಡ ಎಂದು ಕಿಚಾಯಿಸಿದರು. ಅವರಿಗಾದರೋ ತಾಲ್ಲೂಕಿನಲ್ಲಿ ಇನ್ನೆರಡು ತಂಡಗಳಿದ್ದವು. ಆಡಿ ಬೆವರಿ, ಮೊಣಕಾಲು ತರಚಿಕೊಂಡು ಗೆದ್ದಿದ್ದರು. ಅವರ ಕೆಸರಾದ ಜರ್ಸಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಜರ್ಸಿಯ ಇಸ್ತ್ರಿ ಕೂಡ ಕೆಟ್ಟಿರಲಿಲ್ಲ.

ಮೂರು ದಿನದಲ್ಲಿ ಸ್ಕೂಲಿನ ಗೇಟಿಗೆ ಫ್ಲೆಕ್ಸ್ ಬಂತು. ತಾಲ್ಲೂಕು ಚಾಂಪಿಯನ್ಸ್ ಎಂದು ದಪ್ಪಕ್ಷರ, ಕೆಳಗೆ ನಮ್ಮ ಮುಖಗಳು. ಊರವರೆಲ್ಲ ನಿಂತು ನೋಡಿದರು. ಅಮ್ಮ ಮಠಕ್ಕೆ ಹೋಗುವಾಗ ದಾರಿ ಸುತ್ತಾದರೂ ಆ ಗೇಟಿನ ಮುಂದೆಯೇ ಹೋಗುತ್ತಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಅದು ನಾವೇ. ಆದರೂ ನಾನು ಸುಮ್ಮನಿದ್ದೆ. ಜಿಲ್ಲಾ ಕೂಟ ಆ ಸಲ ಕಡೂರಿನಲ್ಲಿತ್ತು, ತರೀಕೆರೆಯವರು ಅಲ್ಲಿಗೆ ಬರುವವರಿದ್ದರು. ನನಗೆ ಅಷ್ಟು ಸಾಕಿತ್ತು.

ಕೂಟದ ಹಿಂದಿನ ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನಮ್ಮನ್ನು ಆಫೀಸಿಗೆ ಕರೆಸಿದರು. ಅವರು ಮಂಗಳೂರಿನ ಕಡೆಯವರು. ಗದರುವವರಲ್ಲ, ಮೃದುವಾಗಿಯೇ ಮಾತಾಡುತ್ತಿದ್ದರು. ಸ್ಕೂಲಿನ ವ್ಯಾನು ಒಂದೇ, ಅದರಲ್ಲಿ ಹುಡುಗರು ಹೋಗುತ್ತಾರೆ ಎಂದರು. ನಾವು ರೈಲಿನಲ್ಲಿ ಹೋಗುತ್ತೇವೆ ಎಂದೆವು. ಜೊತೆಗೆ ಲೇಡಿ ಟೀಚರ್ ಬೇಕು, ಯಾರಿಗೂ ಬಿಡುವಿಲ್ಲ ಎಂದರು. ನಮ್ಮಮ್ಮ ಬರುತ್ತಾಳೆ ಎಂದೆ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಸಿಸ್ಟರ್ ಕೈಯೆತ್ತಿ ಅವರನ್ನು ನಿಲ್ಲಿಸಿ, ನನ್ನ ತಲೆ ಸವರಿದರು.

"ನೀವು ಗೆದ್ದಾಯ್ತಲ್ಲ ಮಗಳೇ. ಹೊರಗೆ ಫ್ಲೆಕ್ಸೂ ಹಾಕಿ ಆಯ್ತು. ಇನ್ನು ಅಲ್ಲಿಗೆ ಹೋಗಿ ಸೋಲುವುದು ಎಂತದಕ್ಕೆ?"

ವ್ಯಾನೂ ನೆಪ, ಟೀಚರೂ ನೆಪ ಎಂದು ಆಗ ಗೊತ್ತಾಯಿತು. ಚಾಂಪಿಯನ್ನರೆಂದು ಊರಿಗೆಲ್ಲ ಸಾರಿದ ಮೇಲೆ ನಾವು ಸೋಲಬಾರದಿತ್ತು. ಸೋಲಬಾರದೆಂದರೆ ಆಡಲೇಬಾರದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನ್ನ ಗೆಳತಿ ಅಲ್ಲೇ ಅತ್ತಳು. ನನಗೆ ಅಳು ಬರಲಿಲ್ಲ. ತಲೆ ಸವರಿದ ಕೈಯನ್ನು ಕಚ್ಚಬೇಕೆನ್ನಿಸಿತು. ಕಚ್ಚಲಿಲ್ಲ, ಥ್ಯಾಂಕ್ಯೂ ಸಿಸ್ಟರ್ ಎಂದು ಹೇಳಿಯೇ ಹೊರಗೆ ಬಂದೆ. ನಮಗೆ ಕಲಿಸಿದ್ದು ಹಾಗೆ.

ಹುಡುಗರು ಕಡೂರಿಗೆ ಹೋಗಿ ಆರು ಗೋಲು ಹೊಡೆಸಿಕೊಂಡು ಬಂದರು. ವ್ಯಾನು ಗೇಟು ದಾಟುವಾಗ ಕೂಗಾಡುತ್ತ, ಹಾಡುತ್ತ ಬಂದರು. ಫಾದರು ಅವರಿಗೆ ಬಿರಿಯಾನಿ ಮಾಡಿಸಿದರು. ಸೋಲು ಗೆಲುವು ಮುಖ್ಯವಲ್ಲ, ಆಡುವುದು ಮುಖ್ಯ ಎಂದು ಮರುದಿನ ಅಸೆಂಬ್ಲಿಯಲ್ಲಿ ಭಾಷಣವನ್ನೂ ಮಾಡಿದರು. ಅದನ್ನು ಕೇಳಿಸಿಕೊಂಡು ನಾವು ಐವರೂ ಚಾಂಪಿಯನ್ನರ ಸಾಲಿನಲ್ಲಿ ನಿಂತಿದ್ದೆವು. ಸೋಲುವುದಕ್ಕೂ ಪಡೆದುಕೊಂಡು ಬಂದಿರಬೇಕು.

ಮೇಷ್ಟ್ರು ಆಮೇಲೆ ನಮ್ಮ ಕಣ್ಣಿಗೆ ಕಣ್ಣು ಕೊಡಲಿಲ್ಲ. ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಟ್ರೋಫಿ ಕೊಟ್ಟರು. ನಾನು ಕ್ಯಾಪ್ಟನ್ ಎಂದು ಅದು ನಮ್ಮ ಮನೆಗೆ ಬಂತು. ಮಾರನೇ ವರ್ಷ ಗೇಟಿಗೆ ಹೊಸ ಫ್ಲೆಕ್ಸ್ ಬಂದಾಗ ಹಳೆಯದನ್ನು ನಮ್ಮ ಚಿಕ್ಕಪ್ಪ ಕೇಳಿ ತಂದರು. ಗಟ್ಟಿ ಮಾಲು, ಎಷ್ಟು ಮಳೆಗೂ ಹರಿಯುವುದಿಲ್ಲ ಎಂದು ರಾಗಿ ಬಣವೆಗೆ ಹೊದಿಸಿದರು. ತೋಟದ ಕಡೆ ಹೋದರೆ ಬಣವೆಯ ಮೇಲಿನಿಂದ ನನ್ನದೇ ಮುಖ ನನ್ನನ್ನು ನೋಡಿ ನಗುತ್ತಿತ್ತು. ಆ ಬೇಸಿಗೆಯಲ್ಲಿ ನಾನು ತೋಟಕ್ಕೇ ಹೋಗಲಿಲ್ಲ.

ಈಗ ನಾನು ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದೇನೆ. ಮೊನ್ನೆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಬೀರೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಎತ್ತರದ ಹುಡುಗಿಯೊಬ್ಬಳು ಎಡಗೈಯಲ್ಲಿ ನೀರಿನ ಬಾಟಲಿ ಎತ್ತಿ ಕುಡಿಯುತ್ತಿದ್ದಳು. ಕೈಯನ್ನು ನೋಡಿದ ಮೇಲೆ ಮುಖ ನೋಡಿದೆ. ಅವಳೇ. ನಾನು ಅಜ್ಜಂಪುರ ಎಂದ ಕೂಡಲೇ ಅವಳಿಗೂ ಗುರುತು ಹತ್ತಿತು. ಯಾರದೋ ಮನೆಯ ನಾಮಕರಣಕ್ಕೆ ಬಂದು ತರೀಕೆರೆಗೆ ವಾಪಸು ಹೊರಟಿದ್ದಳಂತೆ. ಮದುವೆಯಾಗಿದೆಯಂತೆ, ಬಾಲು ಮುಟ್ಟಿ ವರ್ಷಗಳೇ ಆದವಂತೆ. ಊರು, ಓದು ಎಲ್ಲ ಮಾತಾಡಿದ ಮೇಲೆ ಅವಳು ಕೇಳಿದಳು:

"ಆ ವರ್ಷ ಯಾಕೇ ಬರ್ಲಿಲ್ಲ ನೀವು? ಮೊದಲ್ನೇ ಮ್ಯಾಚೇ ನಮಗೂ ನಿಮಗೂ ಬಿದ್ದಿತ್ತು. ಅಜ್ಜಂಪುರದೋರು ಹೆದ್ರಿಕೊಂಡ್ರು ಅಂದ್ರು ಎಲ್ರೂ."

ಜೂನಿನಿಂದ ಎಡಗೈಯಲ್ಲಿ ಆಡಿದ ಗೆಳತಿ ನೆನಪಾದಳು. ಇಷ್ಟು ವರ್ಷ ನಾವು ಕಡೂರಿನಲ್ಲಿ ಹೇಡಿಗಳಾಗಿ, ಅಜ್ಜಂಪುರದಲ್ಲಿ ಚಾಂಪಿಯನ್ನರಾಗಿ ಇದ್ದೆವು. ಎರಡೂ ಸುಳ್ಳು.

"ಹೆದ್ರಿರ್ಲಿಲ್ಲ ಕಣೇ. ನಮ್ಮನ್ನ ಮೊದ್ಲೇ ಗೆಲ್ಲಿಸಿಬಿಟ್ಟಿದ್ರು."

ವ್ಯಾನು, ಫ್ಲೆಕ್ಸು, ಸಿಸ್ಟರು, ಎಲ್ಲ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಅವತ್ತು ಅವರನ್ನೂ ಅಂಕಣದಲ್ಲಿ ನಿಲ್ಲಿಸಿ, ನಮ್ಮ ಸ್ಕೂಲಿನ ಹೆಸರನ್ನು ಮೂರು ಸಲ ಮೈಕಿನಲ್ಲಿ ಕೂಗಿದರಂತೆ. ಕೂಗಿದಾಗೆಲ್ಲ ಅವಳೂ ಗೇಟಿನ ಕಡೆ ನೋಡಿದಳಂತೆ. ಆಮೇಲೆ ಸೀಟಿ ಊದಿ ಬಾಲನ್ನು ಅವಳ ಕೈಗೆ ಕೊಟ್ಟರಂತೆ.

"ಹಾಕ್ದ್ಯಾ?" ಎಂದೆ.

"ಇಲ್ಲ. ಬಲಗೈಯಲ್ಲಿ ಎಸ್ದೆ. ರಿಂಗಿಗೂ ತಾಗ್ಲಿಲ್ಲ. ಪರ್ವಾಗಿಲ್ಲ, ಗೆದ್ದಿದೀರ ಅಂದ್ರು."

ತರೀಕೆರೆಯ ಬಸ್ಸು ಬಂತು. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವಳು ನಿಂತು, ನಿಮ್ಮೂರಲ್ಲೂ ಹಾಗೇ ಮಾಡಿಸಿದರಾ ಎಂದು ಕೇಳಿದಳು. ಹೌದು ಎಂದೆ.

"ನಿಂದು ಬಿತ್ತಾ?"

"ಬಿತ್ತು," ಎಂದೆ. "ಎಲ್ರೂ ಚಪ್ಪಾಳೆ ತಟ್ಟಿದ್ರು."