ಹುಣಸೆಹಣ್ಣಿನಲ್ಲಿ ತೊಳೆದ ಮುತ್ತು

ರಾಯದುರ್ಗದಲ್ಲಿ ಬಸ್ಸು ಬರುವವರೆಗೆ ಒಬ್ಬ ಅಕ್ಕಸಾಲಿಗನ ಅಂಗಡಿಯ ನೆರಳಲ್ಲಿ ಕುಳಿತಿದ್ದೇನೆ. ಪಕ್ಕದಲ್ಲಿ ಅತ್ತೆ, ಸೊಸೆ. ಸೊಸೆ ಬೆಂಗಳೂರಿನ ಗಾರ್ಮೆಂಟ್ಸ್‌ನಿಂದ ನಾದಿನಿಯ ಮದುವೆಗೆ ಬಂದವಳು. ಮದುಮಗಳಿಗೆ ಕೊಡಬೇಕಾಗಿದ್ದ ಅತ್ತೆಯ ಮುತ್ತಿನ ಓಲೆಗಳನ್ನು, ಹಿತ್ತಾಳೆ ದೀಪ ತೊಳೆಯುವ ಹಾಗೆ, ಹುಣಸೆಹಣ್ಣು ಹಾಕಿ ತಿಕ್ಕಿದ್ದಾಳೆ. ಮುತ್ತುಗಳು ಸುಣ್ಣದ ಉಂಡೆಗಳಂತಾಗಿವೆ.

"ಪಾಲಿಶ್ ಹಾಕಿ ಕೊಡ್ರಿ, ಅಣ್ಣಾ," ಎಂದಳು ಸೊಸೆ.

"ಹುಳಿ ಮುತ್ತಿನ ಮೈಯನ್ನ ತಿಂತೈತ್ರಿ," ಎಂದ ಅಕ್ಕಸಾಲಿಗ. "ಹೋಗಿದ್ದು ಕೊಳಿ ಅಲ್ಲ, ಮುತ್ತು. ಮೆತ್ತನ ಬಟ್ಟೀಲೆ ಒರೆಸಿದ್ರ ಸಾಕಾಗಿತ್ತು."

"ಇವು ನಮ್ಮತ್ತಿ ಹಾಕ್ಕೊಂಡಿದ್ದವು," ಎಂದಳು ಅತ್ತೆ. "ನಾನು ಹೊಲದಾಗ ಬೆವರು ಸುರಿಸಿದ್ರೂ ಏನೂ ಆಗಿದ್ದಿಲ್ಲ. ಈ ಸಿಟಿಯಾಕಿ ಒಂದ ದಿನದಾಗ ಕೊಂದ್ಲು."

"ಹೊಳೀಲಿ ಅಂತ ತೊಳದೆ, ಅತ್ತೀ."

"ನಿನ್ನ ಕಿವ್ಯಾಗಿನ ಬಂಗಾರದವು ಬಿಚ್ಚು. ನನ್ನ ಮಗಳು ಅವನ್ನ ಹಾಕ್ಕೊಂತಾಳ."

"ಓವರ್‌ಟೈಮ್ ಮಾಡಿ ತಗೊಂಡವು, ಅತ್ತೀ."

ಅತ್ತೆ ಕೈ ಚಾಚಿಯೇ ಇದ್ದಳು. ಸೊಸೆ ತಿರುಪು ಬಿಚ್ಚಿದಳು. ನಾಳೆ ನೆನೆದು ಬರೆದರೆ ಅತ್ತೆಯ ಆ ಚಾಚಿದ ಕೈಯನ್ನು ಇದ್ದದ್ದಕ್ಕಿಂತ ಮೆತ್ತಗೆ ಮಾಡಿಬಿಟ್ಟೇನು, ಅದಕ್ಕೇ ಇಲ್ಲೇ ಕುಳಿತು ಬರೆಯುತ್ತಿದ್ದೇನೆ.

ಅತ್ತೆ ಚಿನ್ನದ ಓಲೆಗಳನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

"ಮದುವಿ ಮನೀಗೆ ಬರೀ ಕಿವೀಲೆ ಬರಬ್ಯಾಡ. ಆ ಮುತ್ತು ನೀನ ಹಾಕ್ಕೋ."