ವೈನಿ ಗುರುತಿಸಿದ ಮುಖ

ಕಳೆದ ವಾರ ಮೊಣಕಾಲು ನೋವಿಗೆಂದು ಡಾಕ್ಟರರ ಬಳಿ ಹೋಗಿದ್ದೆ. ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದಾಗ ಕೆಲಸದ ಹೆಂಗಸು ಬಕೆಟ್ ತಂದು ನೆಲ ಒರೆಸತೊಡಗಿದಳು. ಹಾಲಿನಂತೆ ಬೆಳ್ಳಗಾದ ನೀರು, ಅದರಿಂದ ಏಳುತ್ತಿದ್ದ ಫಿನೈಲಿನ ವಾಸನೆ... ಪಕ್ಕದಲ್ಲಿದ್ದವರು ಮೂಗಿಗೆ ಸೆರಗು ಹಿಡಿದರು. ನನಗೆ ವೈನಿ ನೆನಪಾದರು.

ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಮುಂಬಯಿ ಬಳಿಯ ಡೊಂಬಿವಲಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಉದ್ದನೆಯ ಗ್ಯಾಲರಿಯಿದ್ದ ಹಳೆಯ ಕಟ್ಟಡ ಅದು. ನಮ್ಮ ಗೋಡೆಗೆ ತಾಗಿದ್ದ ಮನೆಯಲ್ಲಿ ಧಾರವಾಡದ ಕಡೆಯವರಿದ್ದರು. ಯಜಮಾನರಿಗೆ ಕಲ್ಯಾಣದಲ್ಲಿ ರೈಲ್ವೆ ನೌಕರಿ. ಮಗಳು ಠಾಣೆ ಶಹರದ ಕಾಲೇಜಿಗೆ ಹೋಗುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆ ಒಳಗಿನ ಕೋಣೆಯ ಮಂಚದ ಮೇಲೆ. ಆ ಮನೆಯೊಡತಿಯೇ ವೈನಿ. ಅವರ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತಾರೆ. ಮರಾಠಿಯವರ ಬಾಯಲ್ಲೂ ವಹಿನಿ ಎಂಬ ಮಾತಿರುವುದರಿಂದ ಇಡೀ ಕಟ್ಟಡಕ್ಕೆ ಅವರು ವೈನಿಯೇ ಆಗಿಹೋಗಿದ್ದರು.

ವೈನಿ ಬಹಳ ಮಾತಿನವರು. ರೊಟ್ಟಿ ಬಡಿಯುತ್ತ ಗೋಡೆಯ ಆಚೆಯಿಂದಲೇ ನನ್ನೊಡನೆ ಮಾತಾಡುತ್ತಿದ್ದರು. ಲೋಕಲ್ ಗಾಡಿಯ ಹೆಂಗಸರ ಡಬ್ಬಿಗೆ ಹೇಗೆ ನುಗ್ಗಬೇಕು, ತರಕಾರಿ ಮಂಡಿಯಲ್ಲಿ ಮೆಂತ್ಯ ಸೊಪ್ಪನ್ನು ಮರಾಠಿಯಲ್ಲಿ ಏನೆಂದು ಕೇಳಬೇಕು, ಎಲ್ಲ ಅವರೇ ಕಲಿಸಿದ್ದು. ನನ್ನ ಕುಂದಾಪುರದ ಕನ್ನಡ ಕೇಳಿ ನಗುತ್ತಿದ್ದರು. "ತಂಗಿ, ನೀ ಮಾತಾಡೂದು ಹಾಡಿಧಾಂಗ ಕೇಳಸ್ತದ ನೋಡು" ಎನ್ನುತ್ತಿದ್ದರು.

ಅದೊಂದು ಬೇಸಿಗೆಯ ಮಧ್ಯಾಹ್ನ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಸೆಕೆಗೆ ಎಲ್ಲರೂ ಬಾಗಿಲು ತೆರೆದಿಟ್ಟುಕೊಂಡು ಮಲಗುವ ಹೊತ್ತು. ನನಗೂ ಜೊಂಪು ಹತ್ತಿತ್ತು. ಗೋಡೆಗೆ ಏನೋ ಗುದ್ದಿದ ಸದ್ದಾಯಿತು. ವೈನಿ ಏನೋ ಕುಟ್ಟುತ್ತಿದ್ದಾರೆ ಅಂದುಕೊಂಡೆ. ಸದ್ದು ನಿಲ್ಲಲಿಲ್ಲ. ಎದ್ದು ಹೋಗಿ ನೋಡಿದರೆ ಅವರ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು.

ತೆಗೆದು ಒಳಹೊಕ್ಕೆ. ವೈನಿಯ ಕೈಕಾಲುಗಳನ್ನು ಸೀರೆಯಿಂದ ಬಿಗಿದು ಗೋಡೆಯ ಬದಿಗೆ ಕೆಡವಿದ್ದರು. ವೈನಿ ಹಿಮ್ಮಡಿಯಿಂದ ಗೋಡೆಗೆ ಒದೆಯುತ್ತಿದ್ದರು. ಉಕ್ಕಿನ ಕಪಾಟು ಬಾಯ್ದೆರೆದಿತ್ತು, ಬಟ್ಟೆಯೆಲ್ಲ ನೆಲದ ಮೇಲೆ. ಅವರ ಬಾಯಿಗೆ ಕಟ್ಟಿದ್ದ ಟವೆಲನ್ನು ನಾನು ಬಿಚ್ಚಿದೆ.

"ಎಂಥ ಆಯ್ತು ವೈನಿ?"

"ಮದಲ ಅತ್ತಿಯವರನ್ನ ನೋಡು" ಎಂದರು.

ಅತ್ತೆ ಮಂಚದ ಮೇಲೆ ನೆಮ್ಮದಿಯಾಗಿ ಕಣ್ಣು ಮುಚ್ಚಿ ಮಲಗಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅರ್ಧ ನೀರಿದ್ದ ಸ್ಟೀಲ್ ಲೋಟ.

ಮಗಳ ಮದುವೆಗೆಂದು ಮಾಡಿಸಿಟ್ಟಿದ್ದ ಬಂಗಾರವೆಲ್ಲ ಹೋಗಿತ್ತು. ಕೆಳಗಿನ ಹೋಟೆಲಿನ ನಮ್ಮ ಊರಿನವರು ಪೊಲೀಸರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ಗ್ಯಾಲರಿ ತುಂಬ ಜನ. ಹೆಂಗಸರು ಒಳಗೆ ಬಂದು ಬಟ್ಟೆ ಎತ್ತಿಡಲು ಹೊರಟರು. ವೈನಿ ಎದ್ದು ಕಸಬರಿಗೆ ಕೈಗೆ ತೆಗೆದುಕೊಂಡರು. ಯಾರೋ ಬರುವವರಿದ್ದಾರೆ, ಮನೆ ಹೀಗಿರಬಾರದು ಎಂಬಂತೆ.

ಪೊಲೀಸ್ ಫೌಜದಾರರು ಬಂದದ್ದು ಆಗಲೇ. ಬಾಗಿಲಲ್ಲೇ ನಿಂತು, "ಕಶಾಲಾಹಿ ಹಾತ್ ಲಾವೂ ನಕಾ" ಎಂದರು. ಯಾವುದನ್ನೂ ಮುಟ್ಟಬೇಡಿ ಎಂದು. ದನಿ ಏರಿಸಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ವೈನಿಯ ಕೈಯಿಂದ ಕಸಬರಿಗೆಯನ್ನು ತಾವೇ ತೆಗೆದು ಗ್ಯಾಲರಿಯಲ್ಲಿಟ್ಟರು. ವೈನಿ ಒಂದು ಮೂಲೆಯಲ್ಲಿ ಕುಳಿತರು. ಅವರನ್ನು ನಾನು ಕೆಲಸವಿಲ್ಲದೆ ಕುಳಿತಿದ್ದು ನೋಡಿದ್ದು ಅದೇ ಮೊದಲು. ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು.

ಪಂಚನಾಮೆಗೆ ಇಬ್ಬರು ಸಾಕ್ಷಿಗಳು ಬೇಕಿತ್ತು. ಹೋಟೆಲಿನವರೂ ನಾನೂ ಪಂಚರಾದೆವು. ಹವಾಲ್ದಾರರು ಕಪಾಟು ಎಲ್ಲಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಸೀರೆಯ ಬಣ್ಣ ಏನು, ಎಲ್ಲವನ್ನೂ ಮರಾಠಿಯಲ್ಲಿ ಬರೆಯುತ್ತ ಹೋದರು. ಗಂಟು ಬಿಚ್ಚುವಾಗ ಸೀರೆಯನ್ನು ಎಲ್ಲಿ ಹಿಡಿದಿದ್ದೆ ಎಂದು ನನ್ನನ್ನು ಕೇಳಿದರು. ದಿನವೂ ಹೋಗಿಬರುತ್ತಿದ್ದ ಮನೆ. ಅವರು ಓದಿ ಹೇಳಿದಾಗ ಬೇರೆ ಯಾರದೋ ಮನೆಯ ವರ್ಣನೆ ಕೇಳಿದಂತಾಯಿತು.

ವೈನಿ ಕೇಳಿದ್ದಕ್ಕೆ ಉತ್ತರ ಕೊಟ್ಟರು. ತಾವು ಬಾಗಿಲಿಗೆ ಬೆನ್ನು ತಿರುಗಿಸಿ ಅಕ್ಕಿ ಆರಿಸುತ್ತಿದ್ದಾಗ ಇಬ್ಬರು ಒಳಗೆ ಬಂದರು. ಒಬ್ಬ ಹಿಂದಿನಿಂದ ಹಿಡಿದು ಕುತ್ತಿಗೆಗೆ ಚಾಕು ಇಟ್ಟ. ಇಬ್ಬರ ಮುಖಕ್ಕೂ ಕರವಸ್ತ್ರ. ಕೈಗೆ ಕಾಲುಚೀಲ ಹಾಕಿಕೊಂಡಿದ್ದರು. ಎಲ್ಲಿಯೂ ಬೆರಳಿನ ಗುರುತು ಸಿಗುವ ಹಾಗಿಲ್ಲ ಎಂದು ಹವಾಲ್ದಾರರು ಫೌಜದಾರರ ಮುಖ ನೋಡಿದರು.

ಆಗ ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಅವರಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಮನೆಗೆ ಯಾರೋ ನೆಂಟರು ಬಂದಿದ್ದಾರೆ ಎಂದುಕೊಂಡಿದ್ದರೋ ಏನೋ.

"ಆ ಹುಡುಗ ಹೋದ್ನೇನವಾ? ಭಾಳ ಛಲೋ ಹುಡುಗ. ನೀರು ಅಂದ್ರ ತಲಿ ಎತ್ತಿ ಹಿಡದು ಕುಡಿಸಿದ."

ಫೌಜದಾರರು ವೈನಿಯ ಕಡೆ ತಿರುಗಿ ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ವೈನಿ ಒಮ್ಮೆ ಒಳಗಿನ ಕೋಣೆಯ ಕಡೆ ನೋಡಿದರು. ಆಮೇಲೆ ಮರಾಠಿಯಲ್ಲಿ ಹೇಳಿದರು. ಚಾಕು ಹಿಡಿದವನು ಕಪಾಟು ಬರಿದು ಮಾಡುತ್ತಿದ್ದಾಗ ಅತ್ತೆ ಬಾಯಿಗೆ ಕೈ ತೋರಿಸುತ್ತ ನೀರು ಕೇಳಿದರು. ಇನ್ನೊಬ್ಬ ಅವರ ಹತ್ತಿರ ಹೋದ. ಮುಸುಕು ಕಂಡು ಅವರು ಹೆದರಿ ಕೂಗಿದಾಗ ಕರವಸ್ತ್ರವನ್ನು ಗಲ್ಲಕ್ಕೆ ಇಳಿಸಿ, "ಆಜಿ, ಘಾಬರೂ ನಕಾ" ಅಂದ, ಅಜ್ಜಿ ಹೆದರಬೇಡಿ ಎಂದು. ಕಾಲುಚೀಲ ತೆಗೆದು, ಒಂದು ಕೈಯಿಂದ ಅವರ ತಲೆ ಎತ್ತಿ, ಇನ್ನೊಂದು ಕೈಯಿಂದ ಲೋಟ ಹಿಡಿದು ಕುಡಿಸಿದ. ವೈನಿ ಬಿದ್ದಲ್ಲಿಂದ ಅವನ ಮುಖ ಕಾಣಿಸುತ್ತಿತ್ತು. ಇಪ್ಪತ್ತರ ಆಸುಪಾಸಿನವನು.

ಫೌಜದಾರರು ಎದ್ದು ಹೋಗಿ ಸ್ಟೂಲಿನ ಮೇಲಿನ ಲೋಟದ ಎದುರು ನಿಂತರು. ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಠಾಣೆ ಶಹರದಿಂದ ಬೆರಳಚ್ಚಿನ ಪರಿಣತರು ಬಂದರು. ಕುಂಚದಿಂದ ಲೋಟಕ್ಕೂ ಕಪಾಟಿಗೂ ಪುಡಿ ಸವರಿ, ದೀಪದ ಬೆಳಕಿನಲ್ಲಿ ಓರೆಯಾಗಿ ನೋಡಿ ಫೋಟೋ ತೆಗೆದರು. ಪೊಲೀಸ್ ನಾಯಿ ಸೀರೆಯನ್ನು ಮೂಸಿ, ಮೆಟ್ಟಿಲಿಳಿದು, ನಾಕಾದ ಚೌಕ ದಾಟಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನವರೆಗೆ ಹೋಗಿ ಅಲ್ಲಿ ಕುಳಿತುಬಿಟ್ಟಿತಂತೆ. ಮುಂದೆ ಹಳಿ. ಮನೆಯವರ ಗುರುತುಗಳನ್ನು ಬೇರ್ಪಡಿಸಲು ನಮ್ಮೆಲ್ಲರ ಬೆರಳಿಗೂ ಮಸಿ ಹಚ್ಚಿ ಒತ್ತಿಸಿಕೊಂಡರು. ಅತ್ತೆಯದೂ ಆಯಿತು. "ಪಿಂಚಣಿ ಕೊಡ್ತಾರೇನು?" ಎಂದು ಅವರು ನಗುತ್ತ ಕೇಳಿದಾಗ ಹವಾಲ್ದಾರರನ್ನು ಬಿಟ್ಟು ಯಾರೂ ನಗಲಿಲ್ಲ. ಹವಾಲ್ದಾರರು ಕನ್ನಡ ಅರ್ಥವಾಗದೆ, ಅಜ್ಜಿ ನಕ್ಕದ್ದಕ್ಕೆ ನಕ್ಕಿದ್ದರು. ಲೋಟವನ್ನು ಡಬ್ಬಿಯಲ್ಲಿಟ್ಟು, ಅರಗಿನ ಮೊಹರು ಒತ್ತಿ ಒಯ್ದರು. ಮೊಹರಿನ ಚೀಟಿಗೆ ನನ್ನ ಸಹಿಯೂ ಬಿತ್ತು.

ಮರುದಿನ ಮನೆ ಗುಡಿಸಬಹುದು ಎಂದು ಅಪ್ಪಣೆ ಬಂತು. ವೈನಿ ಫಿನೈಲ್ ಹಾಕಿ ನೆಲ ಒರೆಸಿದರು. ಒಣಗಿದ ಮೇಲೆ ಮತ್ತೆ ಒರೆಸಿದರು. ಕಪಾಟಿನ ಮೇಲಿನ ಪುಡಿ ಹೋಗಲಿಲ್ಲವೆಂದು ಅದನ್ನೂ ಅದರಿಂದಲೇ ಉಜ್ಜಿದರು. ಅಂದಿನಿಂದ ಆ ಮನೆಯಲ್ಲಿ ಒಗ್ಗರಣೆಯ ಘಮಕ್ಕಿಂತ ಫಿನೈಲ್ ವಾಸನೆಯೇ ಮುಂದಾಯಿತು. ಗೋಡೆಯಾಚೆಯ ಮಾತೂ ನಿಂತುಹೋಯಿತು. ಅವರು ಅತ್ತದ್ದನ್ನು ನಾನು ನೋಡಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಎಂದಿನ ಹೊತ್ತಿಗೆ ಕೇಳಿಸುತ್ತಿತ್ತು.

ಅತ್ತೆ ಮಾತ್ರ ಆಗಾಗ ಕೇಳುತ್ತಿದ್ದರು. "ಆ ಹುಡುಗ ಮತ್ತ ಬರಲಿಲ್ಲಲ್ಲ?"

"ಬರ್ತಾನ್ರಿ" ಎನ್ನುತ್ತಿದ್ದರು ವೈನಿ.

ಮಳೆಗಾಲ ಬಂತು. ಒಂದು ಬೆಳಗ್ಗೆ ಅತ್ತೆ ಏಳಲಿಲ್ಲ. ವಯಸ್ಸಾಗಿತ್ತು. ದರೋಡೆಯ ಹೆದರಿಕೆಯೇ ಎದೆಯಲ್ಲಿ ಕುಳಿತಿತ್ತು ಎಂದು ಕಟ್ಟಡದವರು ಆಡಿಕೊಂಡರು. ಅದು ಸುಳ್ಳೆಂದು ವೈನಿಗೂ ನನಗೂ ಗೊತ್ತಿತ್ತು. ನಾವು ಯಾರಿಗೂ ಹೇಳಲು ಹೋಗಲಿಲ್ಲ.

ಸೂತಕ ಕಳೆದು ಸ್ವಲ್ಪ ದಿನಕ್ಕೆ ಪೊಲೀಸ್ ಸ್ಟೇಷನ್ನಿನಿಂದ ಕರೆ ಬಂತು. ಉಲ್ಹಾಸನಗರದಲ್ಲಿ ಬಳೆ ಮಾರಲು ಹೋದ ಒಬ್ಬ ಹುಡುಗನನ್ನು ಹಿಡಿದಿದ್ದಾರೆ, ಲೋಟದ ಮೇಲಿನ ಬೆರಳಚ್ಚು ಅವನದೇ, ಇನ್ನು ಓಳಖ್ ಪರೇಡ್ ಆಗಬೇಕು ಎಂದು. ಅಂದರೆ ಹಲವರನ್ನು ಸಾಲಾಗಿ ನಿಲ್ಲಿಸುತ್ತಾರೆ, ಅವರಲ್ಲಿ ಅವನನ್ನು ಗುರುತಿಸಬೇಕು.

ವೈನಿಯ ಯಜಮಾನರಿಗೆ ರಜೆ ಸಿಗಲಿಲ್ಲ. ವೈನಿಯ ಜೊತೆ ಕಲ್ಯಾಣದ ಜೈಲಿಗೆ ನಾನೇ ಹೋದೆ. ನನ್ನನ್ನು ಹೊರಗೆ ಕೂರಿಸಿದರು. ಪೊಲೀಸರೂ ಹೊರಗೇ ಇದ್ದರು. ಪರೇಡಿನ ಹೊತ್ತಿಗೆ ಅವರು ಒಳಗಿರಬಾರದಂತೆ, ಮ್ಯಾಜಿಸ್ಟ್ರೇಟರು ಮತ್ತು ಪಂಚರು ಮಾತ್ರ. ಬಾಯಲ್ಲಿ ಹೇಳಿದರೆ ಸಾಲದು, ಮುಟ್ಟಿ ತೋರಿಸಬೇಕು ಎಂದು ಒಬ್ಬರು ವೈನಿಗೆ ತಿಳಿಸಿ ಹೇಳಿದರು. ವೈನಿ ತಲೆಯಾಡಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಹೊರಬಂದರು.

"ಆತು. ನಡಿ, ಗಾಡಿ ಸಿಗ್ತದ" ಎಂದರು.

ಗಾಡಿಯಲ್ಲಿ ಕಿಟಕಿಯ ಪಕ್ಕ ಕುಳಿತವರು ಡೊಂಬಿವಲಿಯವರೆಗೂ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೇ ಇದ್ದರು.

ಮೊಕದ್ದಮೆ ನಡೆಯಿತು. ಲೋಟದ ಡಬ್ಬಿಯ ಮೊಹರಿನ ಮೇಲಿನ ಸಹಿ ನನ್ನದೇ ಎಂದು ನಾನೂ ಕೋರ್ಟಿನಲ್ಲಿ ಹೇಳಿದೆ. ಆ ಹುಡುಗ ನೆಲ ನೋಡುತ್ತ ನಿಂತಿದ್ದ. ಜೊತೆಗಾರ ಯಾರೆಂದು ಕಡೆಯವರೆಗೂ ಬಾಯಿ ಬಿಡಲಿಲ್ಲ. ಚಾಕು ಹಿಡಿದವನು ಸಿಗಲೇ ಇಲ್ಲ, ಅವನ ಜೊತೆ ಹೋದ ಬಂಗಾರವೂ ಸಿಗಲಿಲ್ಲ. ಹುಡುಗನಿಗೆ ಕೆಲವು ವರ್ಷಗಳ ಸಜೆಯಾಯಿತು. ಮುದ್ದೆಮಾಲಾಗಿ, ಅಂದರೆ ಸಾಕ್ಷ್ಯದ ವಸ್ತುವಾಗಿ, ಕೋರ್ಟಿನಲ್ಲಿದ್ದ ಬಳೆಯೊಂದೇ ತಿರುಗಿ ಬಂತು. ಮಗಳ ಮದುವೆ ಹುಬ್ಬಳ್ಳಿಯಲ್ಲಿ ಸರಳವಾಗಿ ಆಯಿತು. ಅಳಿಯನ ಮನೆಯವರು ಒಳ್ಳೆಯವರು, ಏನನ್ನೂ ಕೇಳಲಿಲ್ಲ. ಆ ಬಳೆಯನ್ನು ವೈನಿ ಮಗಳಿಗೆ ಕೊಡಲಿಲ್ಲ, ತಾವೂ ತೊಡಲಿಲ್ಲ. ಏನು ಮಾಡಿದರೋ ನಾನು ಕೇಳಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ವೈನಿಯ ಯಜಮಾನರು ನಿವೃತ್ತರಾದರು. ಧಾರವಾಡಕ್ಕೆ ಹೊರಟು ನಿಂತರು. ಸಾಮಾನು ಕಟ್ಟಲು ನಾನು ಹೋಗಿದ್ದೆ. ಬೋಗುಣಿಗಳಿಗೆ ಹಳೆಯ ಪೇಪರು ಸುತ್ತುತ್ತಿದ್ದ ವೈನಿ ತಲೆ ಎತ್ತದೆ ಮಾತು ತೆಗೆದರು.

"ಅವತ್ತ ಜೈಲಿನ್ಯಾಗ ಒಂದು ಆತು, ತಂಗಿ. ಮನ್ಯಾಗೂ ಹೇಳಿಲ್ಲ. ನಾ ಅವನ ಹೆಗಲ ಮ್ಯಾಲೆ ಕೈ ಇಟ್ಟೆ. ಅಂವ ನನ್ನ ನೋಡಿ, 'ಆಜಿ ಕಶಾ ಆಹೇತ?' ಅಂತ ಕೇಳಿದ."

ಅಜ್ಜಿ ಹೇಗಿದ್ದಾರೆ ಎಂದು...

"ನೀವು ಎಂಥ ಹೇಳಿದ್ರಿ?"

"ಏನೂ ಹೇಳಲಿಲ್ಲ. ಕೈ ತಗದು ಹೊರಗ ಬಂದೆ." ಇನ್ನೊಂದು ಬೋಗುಣಿ ಎತ್ತಿಕೊಂಡರು. "ನಾ ಖರೇನ ಹೇಳೀನಿ, ತಂಗಿ. ಅಂವ ಕಳವು ಮಾಡಾಕ ಬಂದಾಂವನ. ಆದ್ರ ಚಾಕು ಹಿಡದಾವನ ಮಾರಿ ನಾ ನೋಡಲೇ ಇಲ್ಲ. ನೀರು ಕೊಟ್ಟಾವಂದಷ್ಟ ನೋಡೀನಿ."

ನಾನು ಕೈಯಲ್ಲಿದ್ದ ಪೇಪರಿನ ಮಡಿಕೆ ಬಿಡಿಸಿದೆ. ಪೇಪರು ಹರಿದು ಹರಿದು ಕೊಡುತ್ತ ಕುಳಿತೆ. ಮರುದಿನ ಅವರು ಹೋದರು. ಗ್ಯಾಲರಿಯ ತುದಿಯಲ್ಲಿ ನಿಂತು, "ಬರ್ತೀನಿ ತಂಗಿ" ಎಂದರು. ಮತ್ತೆ ಬರಲಿಲ್ಲ. ಮೊದಮೊದಲು ದೀಪಾವಳಿಗೆ ಕಾರ್ಡು ಬರುತ್ತಿತ್ತು. ಆಮೇಲೆ ಅದೂ ನಿಂತಿತು...

ಹಳೆಯ ಕಟ್ಟಡವನ್ನು ಕೆಡವಿ ಅಲ್ಲಿ ಟವರ್ ಕಟ್ಟಿದ್ದಾರೆ. ನಾನು ಅದರ ಏಳನೆಯ ಮಾಳಿಗೆಯಲ್ಲಿದ್ದೇನೆ. ಪಕ್ಕದ ಫ್ಲ್ಯಾಟಿನವರ ದನಿ ನನಗೆ ಕೇಳಿಸುವುದಿಲ್ಲ. ವೈನಿ ತೀರಿಕೊಂಡ ಸುದ್ದಿ ಬಂದದ್ದು ಕೆಲವು ವರ್ಷಗಳ ಹಿಂದೆ, ಅದೂ ಎಷ್ಟೋ ತಿಂಗಳು ತಡವಾಗಿ. ಅಂದು ಕೇಳಿ, ಫೋನ್ ಇಟ್ಟು, ಅಡುಗೆಗೆ ಹೋದೆ. ಅಳು ಬರಲಿಲ್ಲ.

ಡಾಕ್ಟರರಲ್ಲಿಂದ ಬಂದ ದಿನ ಸಂಜೆ ನಾನೇ ಅವರ ಮಗಳಿಗೆ ಫೋನ್ ಮಾಡಿದೆ. ಅವಳಿಗೂ ಈಗ ವಯಸ್ಸಾಗಿದೆ. ಡೊಂಬಿವಲಿಯ ಕಾಲದ ಅಮ್ಮನ ಫೋಟೋ ನಿಮ್ಮ ಹತ್ತಿರ ಒಂದಾದರೂ ಇದೆಯೇ ಎಂದು ಕೇಳಿದಳು. ಹುಡುಕಿದೆ. ಇರಲಿಲ್ಲ. ಅಷ್ಟು ವರ್ಷ ಒಂದೇ ಗೋಡೆಯ ಎರಡು ಬದಿಯಲ್ಲಿ ಬದುಕಿದರೂ ನಾವು ಒಟ್ಟಿಗೆ ನಿಂತು ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಅವರು ತಂಗಿ ಎಂದು ಕರೆಯುತ್ತಿದ್ದ ದನಿ ಕಿವಿಯಲ್ಲಿದೆ. ಅವರ ಮುಖ ಮಾತ್ರ, ಎಷ್ಟು ಹೊತ್ತು ಕಣ್ಣು ಮುಚ್ಚಿ ಕುಳಿತರೂ, ನನಗೆ ಬರುತ್ತಿಲ್ಲ.