ಹೆಬ್ಬೆಟ್ಟು ಒತ್ತದ ಮಾಸ್ತರರು

“ಈ ಸಹಿ ಹಳೇ ಸಹಿಗೆ ಕೂಡೂದಿಲ್ರಿ ಮಾಸ್ತರ್ರ. ಎಡಗೈ ಹೆಬ್ಬೆಟ್ಟು ಒತ್ತಿಬಿಡ್ರಿ,” ಎಂದು ಇಂಕಿನ ಪ್ಯಾಡನ್ನು ಅವರ ಮುಂದೆ ತಳ್ಳಿದೆ.

ಎಪ್ಪತ್ತರ ದಶಕದ ಕೊನೆ. ದಾಂಡೇಲಿಯ ಬ್ಯಾಂಕೊಂದರಲ್ಲಿ ನಾನು ಗುಮಾಸ್ತ. ಕಾರ್ಖಾನೆಯ ಪಗಾರದ ಮರುದಿನವಾದ್ದರಿಂದ ಸಾಲು ಬಾಗಿಲು ದಾಟಿತ್ತು. ಮಾಸ್ತರರು ಅಂಬೇವಾಡಿಯ ಬಾಡಿಗೆ ಕೋಣೆಯೊಂದರಲ್ಲಿ ಕಾರ್ಮಿಕರಿಗೆ ಓದು ಬರಹ ಕಲಿಸುತ್ತಿದ್ದರು. ಆ ಬಾಡಿಗೆಯನ್ನು ಅವರ ಖಾತೆಯಿಂದ ಪ್ರತಿ ತಿಂಗಳು ನಾವೇ ಕಳಿಸುತ್ತಿದ್ದೆವು. ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿದ ಮೇಲೆ, ಇನ್ನು ಕಳಿಸಬೇಡಿ ಎಂದು ಅರ್ಜಿ ತಂದಿದ್ದರು.

ಅವರು ಪ್ಯಾಡನ್ನು ನನ್ನತ್ತಲೇ ಸರಿಸಿ, ಎಡಗೈಯಲ್ಲಿ ಮತ್ತೆ ಪೆನ್ನು ಹಿಡಿದರು. ಅಕ್ಷರ ಸೊಟ್ಟಗಾಯಿತು, ಪೆನ್ನು ಜಾರಿತು, ಹೆಸರು ಅರ್ಧಕ್ಕೇ ನಿಂತಿತು. ನಾನು ಎರಡೆರಡು ಸಲ ಗಡಿಯಾರ ನೋಡಿದೆ. “ಲಗೂ ಮಾಡ್ರಿ, ಮಂದಿ ನಿಂತೈತಿ,” ಎಂದು ಸಿಡುಕಿದೆ. ಆದರೆ ಸಾಲಿನಲ್ಲಿ ಯಾರೂ ಗದ್ದಲ ಮಾಡಲಿಲ್ಲ. ಅವರಲ್ಲಿ ಎಷ್ಟೋ ಜನ ಮಾಸ್ತರರ ಹತ್ತಿರವೇ ಸಹಿ ಕಲಿತವರು.

ಕೊನೆಗೆ ಮಾಸ್ತರರು ಅರ್ಜಿಯನ್ನು ಒಂದೇ ಕೈಯಲ್ಲಿ ಮಡಚಿ ಕಿಸೆಗಿಟ್ಟುಕೊಂಡರು. “ಬಾಡಿಗಿ ಹೋಗ್ಲಿ ಬಿಡ್ರಿ. ಆ ಖೋಲಿ ಇನ್ನೂ ಬೇಕಾಗೇತಿ. ಈಗ ನಾನೂ ಮೊದಲಿಂದ ಕಲೀಬೇಕಲ್ಲ!”

ಅವರ ಹಿಂದೆ ನಿಂತಿದ್ದ ಕಾರ್ಮಿಕ ಮುಂದೆ ಬಂದು, ಹಣ ತೆಗೆಯುವ ಚೀಟಿಗೆ ನಿಧಾನವಾಗಿ ಸಹಿ ಮಾಡಿದ. ಮೇಜಿನ ಮೇಲಿನ ಕಾರ್ಡಿನಲ್ಲಿ ಮಾಸ್ತರರ ಹಳೆಯ ಸಹಿ ಇತ್ತು. ಕಾರ್ಮಿಕನ ಚೀಟಿಯಲ್ಲೂ ಅವೇ ಗುಂಡನೆಯ ಅಕ್ಷರಗಳು. ಇಂಕಿನ ಪ್ಯಾಡನ್ನು ಎಲ್ಲಿಡಬೇಕೆಂದು ಆ ದಿನವಿಡೀ ನನಗೆ ತಿಳಿಯಲಿಲ್ಲ.